ಲೀಟರಿನ ತೂಕ

ಹಾಜ್ ಮುನ್ಸಿಫ್ ಆ ದಿನವನ್ನು ಮರೆತೇಬಿಟ್ಟಿದ್ದ. ವಜ್ದಿ ಮರೆತಿರಲಿಲ್ಲ.

ಕಾಲೇಜಿಗೆ ರಜೆಯಿದ್ದ ಜನವರಿಯ ಒಂದು ಮಧ್ಯಾಹ್ನ, ಅಪ್ಪನಿಗೆ ಊಟದ ಡಬ್ಬಿ ಕೊಡಲು ವಜ್ದಿ ಗಾಣದ ಅಂಗಳಕ್ಕೆ ಬಂದಿದ್ದ. ಸ್ಫಾಕ್ಸ್ ಊರಿನವರು ಕಂಡು ಕೇಳರಿಯದ ಚಳಿ. ಆಲಿವ್ ಮೂಟೆ ಹೊರುವವರು ಅಂಗೈಗೆ ಉಸಿರು ಊದಿಕೊಳ್ಳುತ್ತ ನಿಂತಿದ್ದರು. ಅಪ್ಪ ಶಾದ್ಲಿ ಆ ಗಾಣದ ಎಣ್ಣೆ ತೊಟ್ಟಿಗಳನ್ನು ಕಾಯುವವನು. ಗಾಣದ ಯಜಮಾನ ಹಾಜ್ ಮುನ್ಸಿಫ್ ಹಿತ್ತಾಳೆಯ ಅಳತೆಗೋಲನ್ನು ತೊಟ್ಟಿಯಿಂದ ಮೇಲೆಳೆದು, ಎಣ್ಣೆ ಹತ್ತಿದ ಗುರುತಿಗೆ ಬೆರಳಿಟ್ಟು, ಎಲ್ಲರಿಗೂ ಕೇಳುವ ಹಾಗೆ ಕೇಳಿದ:

“ಶಾದ್ಲಿ, ಮಿಕ್ಕಿದ್ದು ಎಲ್ಲಿ ಹೋಯ್ತಯ್ಯಾ? ಹೆಂಡ್ತಿ ಬಾಣಲೆಗೋ, ಇಲ್ಲ ಸಂತೆಗೋ?”

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಅಪ್ಪ ಕೀಲಿಕೈ ಗೊಂಚಲನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟ, ಕೈ ಒರೆಸಿಕೊಂಡ, ಮಗನ ಜೊತೆ ಮನೆಗೆ ನಡೆದ. ಪ್ರಾಯವನ್ನೆಲ್ಲ ಆ ತೊಟ್ಟಿಗಳ ನಡುವೆ ಕಳೆದವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಊರಿನಲ್ಲಿ ಯಾರಾದರೂ ಎದುರಾದರೆ ಬೀದಿಯ ಆಚೆ ಬದಿಗೆ ದಾಟುತ್ತಿದ್ದ. ಮುಂದಿನ ಸುಗ್ಗಿ ಬರುವ ಮೊದಲೇ ತೀರಿಕೊಂಡ.

ಅದಾದ ಮೇಲೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೇಷ್ಟ್ರು ಎಣ್ಣೆ ತುಂಬಿದ ಗಾಜಿನ ಕೊಳವೆಯನ್ನು ಮಂಜುಗಡ್ಡೆಯ ಬಟ್ಟಲಲ್ಲಿಟ್ಟು ತೋರಿಸಿದರು. ಎಲ್ಲರ ಕಣ್ಣೆದುರೇ ಎಣ್ಣೆಯ ಮಟ್ಟ ಇಳಿಯಿತು. ಯಾರೂ ಕದ್ದಿರಲಿಲ್ಲ. ಚಳಿಗೆ ಎಣ್ಣೆ ಕುಗ್ಗುತ್ತದೆ, ಅಷ್ಟೆ. ಗಾಣದಿಂದ ಬೆಚ್ಚಗೆ ಇಳಿದದ್ದು ಆ ಕೆಟ್ಟ ಚಳಿಯಲ್ಲಿ ತೊಟ್ಟಿಯೊಳಗೇ ಮುದುಡಿತ್ತು. ತೂಗಿದ್ದರೆ ಒಂದು ತೊಟ್ಟೂ ಕಡಿಮೆ ಬರುತ್ತಿರಲಿಲ್ಲ. ಆದರೆ ಹಾಜ್ ತೂಗಲಿಲ್ಲ. ಕೋಲು ಹಾಕಿ ನೋಡಿ ಒಬ್ಬ ಮನುಷ್ಯನನ್ನು ಕಳ್ಳನೆಂದುಬಿಟ್ಟ. ವಜ್ದಿ ಶೌಚಾಲಯಕ್ಕೆ ಹೋಗಿ, ಅಗುಳಿ ಹಾಕಿಕೊಂಡು, ಬಾಯಿಗೆ ತೋಳು ಒತ್ತಿಕೊಂಡು ಅತ್ತ.

ವರ್ಷಗಳು ಉರುಳಿದ ಮೇಲೆ ಅದೇ ಹಾಜ್ ಅವನನ್ನು ಕೆಲಸಕ್ಕೆ ಕರೆದ. ಗಾಣಕ್ಕೆ ಕಂಪ್ಯೂಟರ್ ತರಬೇಕಿತ್ತು, ಕಲಿತವನೊಬ್ಬ ಬೇಕಿತ್ತು.

“ಶಾದ್ಲಿ ಮಗ ಅಲ್ವೇನೋ ನೀನು? ಆಹಾ, ಎಂಥಾ ಮನುಷ್ಯ ನಿಮ್ಮಪ್ಪ! ಅಲ್ಲಾಹು ಅವನಿಗೆ ಕರುಣೆ ತೋರ್ಲಿ. ಕೂತ್ಕೋ, ಟೀ ಕುಡಿ.”

ಅಷ್ಟೇ. ಅಳತೆಗೋಲಿನ ಮಾತಿಲ್ಲ, ಅಂಗಳದ ಮಾತಿಲ್ಲ. ಟೀ ಲೋಟದಲ್ಲಿ ಬಾದಾಮಿ ತೇಲುತ್ತಿತ್ತು. ಅಪ್ಪನನ್ನು ಕೊಂದದ್ದನ್ನಾದರೂ ಕ್ಷಮಿಸಬಹುದಿತ್ತೇನೋ, ಮರೆತದ್ದನ್ನು ಹೇಗೆ ಕ್ಷಮಿಸುವುದು? ವಜ್ದಿ ಟೀ ಕುಡಿದ, ಕೆಲಸಕ್ಕೆ ಒಪ್ಪಿಕೊಂಡ.

ಅವನ ಹೊಟ್ಟೆಯುರಿಸುವ ಇನ್ನೊಂದು ಸಂಗತಿಯಿತ್ತು. ಪ್ರತಿ ಜನವರಿಯಲ್ಲಿ ತೊಟ್ಟಿಗಳ ಅಳತೆ ಮುಗಿದ ಮೇಲೆ, ಗಾಣದಲ್ಲಿ ದುಡಿದವರ ಮನೆಮನೆಗೂ, ವಿಧವೆಯರಿಗೂ, ವರ್ಷದ ಅಡುಗೆಗೆಂದು ಐವತ್ತು ಕಿಲೋ ಹೊಸ ಎಣ್ಣೆ ಕೊಡುವುದು ಹಾಜ್‌ನ ತಂದೆಯ ಕಾಲದಿಂದ ಬಂದ ಪದ್ಧತಿ. ಅಂಗಳದ ದೊಡ್ಡ ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದರು. ಅವನ ತಾಯಿ ಮನ್ನೂಬಿಯಾ ತಪ್ಪದೆ ಹೋಗುತ್ತಿದ್ದಳು. ಬೆತ್ತದ ಹೆಣಿಗೆಯ, ಆಳೊಬ್ಬ ತಬ್ಬಿ ಎತ್ತಬೇಕಾದಂಥ ದೊಡ್ಡ ಗಾಜಿನ ಹೂಜಿಯನ್ನು ಕೈಗಾಡಿಯಲ್ಲಿ ಹೇರಿಸಿಕೊಂಡು, ಹಬ್ಬಕ್ಕೆ ಉಡುವ ಬಿಳಿ ಸಫ್ಸಾರಿ ಹೊದ್ದುಕೊಂಡು.

“ಉಮ್ಮಿ, ಆ ಮನುಷ್ಯನ ಮುಂದೆ ಕೈಯೊಡ್ಡಬೇಡ. ಅಂಗಡಿಯಿಂದ ನಾನೇ ತಂದ್ಕೊಡ್ತೀನಿ,” ಎಂದು ಅವನು ಗೋಗರೆದದ್ದುಂಟು.

“ಕೈ ಯಾರೋ ಒಡ್ಡೋದು? ಅದು ನಿಮ್ಮಪ್ಪನ ಹಕ್ಕು ಕಣೋ. ನಾನು ಬಿಟ್ಟ್ರೆ, ಕದ್ದಿದ್ದಕ್ಕೇ ನಾಚ್ಕೊಂಡು ಬಿಟ್ಲು ಅಂತಾರೆ ಜನ. ನಾನ್ಯಾಕೆ ನಾಚ್ಕೊಳ್ಳಿ?” ಎನ್ನುತ್ತ ಅವಳು ಹೂಜಿಯ ಸಣ್ಣ ಕೊರಳಿಗೆ ಸುತ್ತಿದ ಕೆಂಪು ಉಣ್ಣೆಯ ದಾರವನ್ನು ಸರಿಮಾಡುತ್ತಿದ್ದಳು. ಮದುವೆಯಾದ ವರ್ಷ ಅಪ್ಪನೇ ಕಟ್ಟಿದ ದಾರ.

ಅಮ್ಮ ಆ ಅಂಗಳದಲ್ಲಿ ಸಾಲು ನಿಲ್ಲುವುದನ್ನು ನೋಡಲು ವಜ್ದಿಗೆ ಆಗುತ್ತಿರಲಿಲ್ಲ. ಪಾಲಿನ ದಿನ ಬಂತೆಂದರೆ ಏನಾದರೂ ನೆವ ಹೂಡಿ ಊರು ಬಿಡುತ್ತಿದ್ದ. ಆ ಪಾಲಿನ ಬಗ್ಗೆ ಕೇಳುತ್ತಲೂ ಇರಲಿಲ್ಲ, ಯೋಚಿಸುತ್ತಲೂ ಇರಲಿಲ್ಲ.

ಕೆಲಸದಲ್ಲಿ ಮಾತ್ರ ಅವನಿಗೆ ಸರಿಸಾಟಿ ಇರಲಿಲ್ಲ. ಅವನು ತಂದ ಸಾಫ್ಟ್‌ವೇರ್ ಅಂಗಡಿಯ ಸಿದ್ಧ ಅಂಗಿಯಂಥದಲ್ಲ. ಬಟ್ಟೆ, ಕತ್ತರಿ, ದಾರ ಇಲ್ಲಿವೆ, ನಿಮ್ಮ ಮೈಗೆ ನೀವೇ ಹೊಲಿದುಕೊಳ್ಳಿ ಅನ್ನುವಂಥದು. ಕೋಡ್ ಬರೆಯಲು ಬರಬೇಕೆಂದಿಲ್ಲ. ಫಾರ್ಮ್ ಮಾಡಿ, ಲೆಕ್ಕದ ಸೂತ್ರ ಕಟ್ಟಿ, ಒಂದಕ್ಕೊಂದು ಗಂಟು ಹಾಕಿದರಾಯಿತು. ಮೊದಲ ವರ್ಷ ಕಚೇರಿಯವರೆಲ್ಲ ಖುಷಿಯಿಂದ ತಮಗೆ ಬೇಕಾದ್ದನ್ನು ಹೊಲಿದುಕೊಂಡರು. ಅಷ್ಟರಲ್ಲಿ ಸರ್ಕಾರ ತೆರಿಗೆಯ ದರ ಬದಲಿಸಿತು. ಹಳೆಯ ದರ ಯಾವ್ಯಾವ ಸೂತ್ರದ ಹೊಟ್ಟೆಯಲ್ಲಿ ಕೂತಿದೆಯೋ ಎಂದು ಹುಡುಕಿ ಹುಡುಕಿ ತಿದ್ದಿದರೂ ಒಂದು ಕಣ್ತಪ್ಪಿಹೋಯಿತು. ದಂಡ ಬಿತ್ತು. ಹಾಜ್ ಗಡ್ಡ ಕೆರೆಯುತ್ತ ಕೂತುಬಿಟ್ಟ.

ಆಗ ವಜ್ದಿ ಸ್ಥಿರಾಂಕಗಳನ್ನು ತಂದ. ಇಡೀ ಗಾಣದಲ್ಲಿ ಬಳಸುವ ಪ್ರತಿಯೊಂದು ಅಂಕಿಗೂ ಒಂದು ಹೆಸರು, ಒಂದು ಜಾಗ. ತೆರಿಗೆಯ ದರ, ಬಾಟಲಿಯ ಅಳತೆ, ಮೂಟೆಯ ತೂಕ, ಎಲ್ಲ ಒಂದೇ ಪರದೆಯ ಮೇಲೆ. ಸೂತ್ರದಲ್ಲಿ ಅಂಕಿ ಬರೆಯುವಂತಿಲ್ಲ, ಹೆಸರು ಕರೆಯಬೇಕು. ಅಂಕಿ ತಾನಾಗಿ ಬಂದು ಕೂರುತ್ತದೆ. ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದ ಹಾಗೆ. ಆ ಪರದೆಯನ್ನು ತಿದ್ದುವ ಹಕ್ಕು ಒಬ್ಬನಿಗೆ ಮಾತ್ರ, ವಜ್ದಿಗೆ. ಹಾಜ್‌ಗೂ ಇರಲಿಲ್ಲ. ಅಮ್ಮ ಇದನ್ನು ಕೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಯಾವ ಗಾಣದಿಂದ ಗಂಡನನ್ನು ಅಟ್ಟಿದರೋ ಅದೇ ಗಾಣದ ಅಂಕಿಗಳೆಲ್ಲ ಈಗ ಮಗನ ಕೈಯಲ್ಲಿ!

ಒಂದು ಕಟ್ಟಳೆಯನ್ನೂ ಅವನು ಮಾಡಿದ. ಸೂತ್ರದೊಳಗೆ ಯಾರಾದರೂ ಬರೀ ಅಂಕಿ ಹೊಡೆದು ಸಿಕ್ಕಿಬಿದ್ದರೆ ಇಡೀ ಕಚೇರಿಗೆ ಒಂದು ಡಬ್ಬ ಬಕ್ಲಾವಾ ತರಬೇಕು. ಅವನ ಹೆಸರಿಗೆ ಮರ್ಯಾದೆಯ ‘ಸೀ’ ಸೇರಿಸಿ ಕರೆಯುವ, ಲೆಕ್ಕ ನೋಡುವ ನಜ್ಲಾ ಒಮ್ಮೆ ಸಿಕ್ಕಿಬಿದ್ದಳು.

“ಸೀ ವಜ್ದಿ, ಒಂದೇ ಒಂದು ಅಂಕಿ ಕಣ್ರೀ! ಅದಕ್ಕೆ ಇಡೀ ಡಬ್ಬಾನಾ?”

“ಮನೆ ಮುಳುಗಿಸೋಕೆ ಒಂದು ಅಂಕಿ ಸಾಕು ನಜ್ಲಾ. ಪಿಸ್ತಾ ಹಾಕಿದ್ದೇ ತನ್ನಿ.”

ಅವಳು ಬೈದುಕೊಂಡೇ ತಂದಳು. ಆಮೇಲೆ ಅವಳಷ್ಟು ಕಟ್ಟುನಿಟ್ಟಾಗಿ ಆ ಕಟ್ಟಳೆ ಪಾಲಿಸಿದವರು ಇನ್ನೊಬ್ಬರಿಲ್ಲ.

ಆಸೆ ಹುಟ್ಟಿದ್ದು ಆ ಪರದೆಯ ಎದುರೇ. ಹಳೆಯದಾದ ಏನನ್ನೋ ತಿದ್ದುತ್ತ ಕೂತಿದ್ದಾಗ ಅವನ ಕಣ್ಣು ಒಂದು ಹೆಸರಿನ ಮೇಲೆ ನಿಂತಿತು. ‘ಲೀಟರಿನ ತೂಕ: 0.916.’ ಒಂದು ಲೀಟರ್ ಆಲಿವ್ ಎಣ್ಣೆ ಒಂಬೈನೂರ ಹದಿನಾರು ಗ್ರಾಂ ತೂಗುತ್ತದೆ. ಇದು ಗಾಣದವರಿಗೆ ಕಲಿಯದೆ ಬರುವ ವಿದ್ಯೆ. ಗಾಣದಿಂದ ಇಳಿದ ಎಣ್ಣೆಯನ್ನು ತೂಗಿ ತೊಟ್ಟಿಗೆ ಬಿಡುತ್ತಾರೆ. ಅದು ಕಿಲೋ ಲೆಕ್ಕ. ತುಂಬಿದ ತೊಟ್ಟಿಯನ್ನು ತಕ್ಕಡಿಗೆ ಏರಿಸಲಾದೀತೇ? ಮಟ್ಟ ನೋಡಿ ಲೀಟರ್ ತಿಳಿದುಕೊಂಡು, ಅದನ್ನು ಲೀಟರಿನ ತೂಕದಿಂದ ಗುಣಿಸಿ ಕಿಲೋ ಮಾಡುತ್ತಾರೆ. ಎರಡೂ ತಾಳೆಯಾದರೆ ಗಾಣದಲ್ಲಿರುವವರೆಲ್ಲ ಪ್ರಾಮಾಣಿಕರು.

ಅಂದರೆ ತೊಟ್ಟಿಯಿಂದ ನೂರಕ್ಕೆ ಎರಡು ಪಾಲು ಎಣ್ಣೆ ಹೋಗಲಿ, ಲೀಟರಿನ ತೂಕವನ್ನು ನೂರಕ್ಕೆ ಎರಡು ಪಾಲು ಏರಿಸಿದರಾಯಿತು. ತಾಳೆ.

ಅಪ್ಪನ ತಲೆಗೆ ಕಟ್ಟಿದ ಪಾಲೂ ಹೆಚ್ಚುಕಡಿಮೆ ಅಷ್ಟೇ. ಕದಿಯದ ಎಣ್ಣೆಗೆ ಶಿಕ್ಷೆ ಆಗಲೇ ಆಗಿಹೋಗಿದೆ. ಎಣ್ಣೆ ಮಾತ್ರ ಇನ್ನೂ ಮನೆಗೆ ಬಂದಿಲ್ಲ. ಹೀಗೆ ಯೋಚಿಸಿದಾಗ ಅದು ಕಳ್ಳತನದ ಹಾಗೆ ಕಾಣಲೇ ಇಲ್ಲ.

ಎಣ್ಣೆಯನ್ನು ಏನು ಮಾಡಬೇಕೆಂಬುದೂ ಅವನಿಗೆ ಸ್ಪಷ್ಟವಾಗಿತ್ತು. ಗ್ರೆಮ್ದಾ ರಸ್ತೆಯಲ್ಲಿ ಒಂದು ಹಳೆಯ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದ. ಅಲ್ಲಿ ಬಾಟಲಿ ತುಂಬಿ, ಮುಚ್ಚಳ ಹಾಕಿ, ಮೇಲೆ ಚೀಟಿ ಅಂಟಿಸುವುದು. ಚೀಟಿಯ ಮೇಲೆ ಒಂದೇ ಹೆಸರು: ಶಾದ್ಲಿ. ಸಮುದ್ರದಾಚೆಯ ಮಾರ್ಸೆಯ ವ್ಯಾಪಾರಿಯೊಬ್ಬ ಮೊದಲ ಸರಕು ನೋಡಿ ಒಪ್ಪಿದರೆ ಮುಂದಿನ ವರ್ಷದಿಂದ ತನ್ನ ದುಡ್ಡಿನಲ್ಲೇ ಆಲಿವ್ ಕೊಂಡು, ಹಾಡಹಗಲೇ, ತಲೆಯೆತ್ತಿ ವ್ಯಾಪಾರ ಮಾಡಬಹುದು. ಆ ಬಾಟಲಿ ಸ್ಫಾಕ್ಸ್‌ನ ಅಂಗಡಿಗಳಿಗೂ ಬರುತ್ತದೆ. ಹಾಜ್ ಮುನ್ಸಿಫ್ ಒಂದು ದಿನ ಅದನ್ನು ಕೈಗೆತ್ತಿಕೊಂಡು ಹೆಸರು ಓದುತ್ತಾನೆ. ವಜ್ದಿಗೆ ಬೇಕಿದ್ದದ್ದು ಅದು.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಜೈಲಿನ ಹೆದರಿಕೆಯಲ್ಲ. ನೋಡಿದಿರಾ, ಅಪ್ಪನೂ ಹಾಗೇ ಇದ್ದನಂತೆ ಎಂದು ಊರು ಹೇಳುತ್ತದೆ. ಅಪ್ಪ ಎರಡನೆಯ ಸಲ, ಇನ್ನು ಯಾರೂ ಅಳಿಸಲಾಗದ ಹಾಗೆ, ಕಳ್ಳನಾಗುತ್ತಾನೆ. ಆದ್ದರಿಂದ ಸಿಕ್ಕಿಬೀಳುವ ಹಾಗೇ ಇರಲಿಲ್ಲ.

ಅವನು ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡಿದ. ಎಣ್ಣೆ ತೆಗೆಯುವುದು ನಾಲ್ಕನೆಯ ತೊಟ್ಟಿಯಿಂದ. ಅದರಲ್ಲಿ ಮೊದಲ ಸಲ ಹಿಂಡಿದ ಒಳ್ಳೆಯ ಎಣ್ಣೆ, ಎಲ್ಲವೂ ಬಾಟಲಿಗೆ ಹೋಗುವಂಥದು. ಬಾಟಲಿಗಳು ಲೀಟರಿನಲ್ಲಿ ಮಾರಾಟವಾಗುತ್ತವೆ, ಅವುಗಳನ್ನು ಯಾರೂ ತೂಗುವುದಿಲ್ಲ. ಟ್ಯಾಂಕರ್ ಲಾರಿಗೆ ತೂಗಿ ತುಂಬುವುದು ಬೇರೆ ತೊಟ್ಟಿಗಳಿಂದ. ಆ ಸುಗ್ಗಿಯಲ್ಲಿ ಅವಕ್ಕೆಲ್ಲ ಆಗಲೇ ಲೆಕ್ಕ ಮುಗಿದು ಎಣ್ಣೆ ಬಂದರಿಗೆ ಹೋಗಿಯಾಗಿತ್ತು. ‘ಲೀಟರಿನ ತೂಕ’ ಎಂಬ ಹೆಸರನ್ನು ಯಾವ್ಯಾವ ಸೂತ್ರ ಕರೆಯುತ್ತದೆ ಎಂದು ವ್ಯವಸ್ಥೆಯನ್ನೇ ಕೇಳಿದ. ಅದು ನಿಷ್ಠೆಯಿಂದ ತೋರಿಸಿತು. ಪ್ರತಿಯೊಂದನ್ನೂ ತೆರೆದು, ಹೊಸ ಅಂಕಿ ಹಾಕಿದರೆ ಎಲ್ಲಿ ಏನು ಅಲುಗುತ್ತದೆಂದು ಪರೀಕ್ಷಿಸಿದ. ಎಲ್ಲೂ ಏನೂ ಅಲುಗಲಿಲ್ಲ. ತೊಟ್ಟಿ ಬರಿದಾಗುವ ಹೊತ್ತಿಗೆ ಲೆಕ್ಕವೂ ಬರಿದಾಗುತ್ತದೆ. ಆಮೇಲೆ ಅಂಕಿಯನ್ನು ಮೊದಲಿದ್ದ ಹಾಗೆ ಇಟ್ಟುಬಿಟ್ಟರೆ, ಆದ ಅಪರಾಧಕ್ಕೆ ಇರಲು ಜಾಗವೇ ಇರುವುದಿಲ್ಲ.

ಅಕಸ್ಮಾತ್ ಯಾರಾದರೂ ಆ ಪರದೆ ತೆರೆದು, ಇದೇಕೆ ಬದಲಾಗಿದೆ ಎಂದು ಕೇಳಿದರೋ? ಅದಕ್ಕೂ ಉತ್ತರ ಸಿದ್ಧವಿತ್ತು. ಆ ಉತ್ತರವನ್ನು ಹಾಜ್‌ನ ಮುಖ ನೋಡಿಕೊಂಡೇ ಹೇಳಬೇಕೆಂಬ ಆಸೆಯೂ ಇತ್ತು: “ಚಳಿ ಹಾಜ್. ಚಳಿಗೆ ಎಣ್ಣೆ ಕುಗ್ಗುತ್ತೆ. ನಿಮಗೆ ಗೊತ್ತಿರ್ಲಿಲ್ವಾ?”

ಸಾಗಿಸಲು ಲಸ್ಅದ್ ಇದ್ದ. ದೊಡ್ಡಪ್ಪನ ಮಗ; ಗಾಣದ ಹಿಂಡಿಯನ್ನು ಲಾರಿಯಲ್ಲಿ ಸಾಬೂನಿನ ಕಾರ್ಖಾನೆಗೆ ಸಾಗಿಸುವವನು. ಹಸಿ ಹಿಂಡಿಯ ವಾಸನೆಗೆ ಹೆದರಿ ಕಾವಲುಗಾರ ಆ ಲಾರಿಯ ಹತ್ತಿರವೂ ಸುಳಿಯುತ್ತಿರಲಿಲ್ಲ.

“ಹಿಂಡಿ ಒಳಗೆ ಚಿನ್ನ ಹೂತಿಟ್ಟು ತಗೊಂಡ್ಹೋದ್ರೂ ಯಾರೂ ಕೇಳಲ್ಲ ಬಿಡು,” ಎಂದ ಲಸ್ಅದ್ ಹಲ್ಲು ಕಿರಿದು. ಆಮೇಲೆ ಸ್ವಲ್ಪ ಅಂಜಿ ಕೇಳಿದ, “ಅಲ್ಲಪ್ಪಾ, ಕಂಪ್ಯೂಟರ್ ಹಿಡಿದುಕೊಡಲ್ವಾ? ಅದಕ್ಕೆ ಎಲ್ಲಾ ಗೊತ್ತಾಗುತ್ತಂತೆ?”

“ಅದಕ್ಕೆ ನಾನು ಹೇಳಿದ್ದಷ್ಟೇ ಗೊತ್ತು,” ಎಂದ ವಜ್ದಿ.

ಶುಕ್ರವಾರದ ನಡುಮಧ್ಯಾಹ್ನ ಇಡೀ ಅಂಗಳ ಮಸೀದಿಗೆ ಹೋಗಿರುತ್ತದೆ. ಹಾಜ್ ಮುಂದೆ, ಕೂಲಿಗಳು ಹಿಂದೆ, ಕಾವಲುಗಾರ ಎಲ್ಲರಿಗಿಂತ ಕೊನೆಗೆ ಚಪ್ಪಲಿ ಎಳೆದುಕೊಂಡು. ಗೇಟು ಮುಚ್ಚಿದ ಸದ್ದು ಕೇಳಿದ ಮೇಲೆ ವಜ್ದಿ ನಾಲ್ಕನೆಯ ತೊಟ್ಟಿಯ ತಳದ ನಲ್ಲಿ ತಿರುಗಿಸುತ್ತಿದ್ದ. ಎಣ್ಣೆ ದಪ್ಪಗೆ, ಹಸಿರಾಗಿ, ಸದ್ದಿಲ್ಲದೆ ಇಳಿಯುತ್ತಿತ್ತು. ದೂರದಲ್ಲಿ ಮಸೀದಿಯ ಪ್ರವಚನ ಧ್ವನಿವರ್ಧಕದಲ್ಲಿ ಒಡೆದು ಒಡೆದು ಕೇಳುತ್ತಿತ್ತು. ಪ್ರವಚನ ಎಷ್ಟು ಉದ್ದವೋ ಅಷ್ಟು ಹೊತ್ತು ಅವನಿಗೆ ಬಿಡುವು. ಒಂದು ಶುಕ್ರವಾರ ಇಮಾಮರಿಗೆ ಕೆಮ್ಮು ಹತ್ತಿ ಪ್ರವಚನ ಅರ್ಧಕ್ಕೇ ನಿಂತುಹೋಯಿತು. ಲಸ್ಅದ್‌ನ ಕೈಯಿಂದ ಕ್ಯಾನಿನ ಮುಚ್ಚಳ ಜಾರಿ ಉರುಳಿತು. ಇಬ್ಬರೂ ಮೊಣಕಾಲೂರಿ, ಹಿಂಡಿಯನ್ನು ಬೊಗಸೆ ಬೊಗಸೆ ಎತ್ತಿ ಕ್ಯಾನುಗಳ ಮೇಲೆ ಸುರಿದರು. ಕಾವಲುಗಾರ ಗೇಟು ತೆರೆದಾಗ ವಜ್ದಿ ಮೂಗು ಹಿಡಿದುಕೊಂಡು ಲಾರಿಗೆ ಬೈಯುತ್ತ ನಿಂತಿದ್ದ.

“ತೊಲಗಿಸೋ ಅದನ್ನ, ಕಚೇರಿ ಎಲ್ಲಾ ನಾರ್ತಿದೆ!”

ಕಾವಲುಗಾರ ನಕ್ಕ. ವಜ್ದಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಅಳತೆಯ ದಿನ ಬಂತು. ಅಪ್ಪ ಕೆಲಸ ಬಿಟ್ಟ ವರ್ಷದಿಂದ ಹಾಜ್ ಯಾರ ಮಾತನ್ನೂ ನಂಬದೆ ತೂನಿಸ್‌ನಿಂದ ಲೆಕ್ಕಪರಿಶೋಧಕನೊಬ್ಬನನ್ನು ಕರೆಸುತ್ತಿದ್ದ. ಈ ಸಲ ಬಂದವನು ಹೊಸಬ, ತೆಳ್ಳಗಿನ ಮನುಷ್ಯ. ಪ್ರತಿಯೊಂದಕ್ಕೂ ಯಾಕೆ ಅನ್ನುವವನು. ಹಿಂದಿನ ದಿನವೇ ವಜ್ದಿ ಪರದೆ ತೆರೆದು 0.916 ಅನ್ನು ಅಳಿಸಿ 0.934 ಎಂದು ಹೊಡೆದಿದ್ದ. ಎರಡು ಅಂಕೆಗಳು, ಒಂದು ಗುಂಡಿ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ವರ್ಷ ಕಾದೆನಲ್ಲ ಅನ್ನಿಸಿತ್ತು.

ಹಾಜ್ ತಾನೇ ಮೇಲೆ ಹತ್ತಿ ಅಳತೆಗೋಲು ಇಳಿಸಿದ. ಅದೇ ಕೋಲು. ಪರಿಶೋಧಕ ಗುರುತು ಓದಿದ, ನಜ್ಲಾ ಅದನ್ನು ಕಂಪ್ಯೂಟರಿಗೆ ಹಾಕಿದಳು. ಬರಿದಾದ ತೊಟ್ಟಿಗಳನ್ನು ನೋಡಿ ಮುಗಿಸಿ ನಾಲ್ಕನೆಯ ತೊಟ್ಟಿಯ ಸರದಿ ಬಂದಾಗ ಪರಿಶೋಧಕ ತಲೆಯೆತ್ತಿದ.

“ಲೀಟರಿಂದ ಕಿಲೋ ಹೇಗೆ ಮಾಡ್ತೀರಿ? ಆ ಅಂಕಿ ಯಾರು ಹಾಕ್ತಾರೆ?”

ಉತ್ತರ ಕೊಟ್ಟದ್ದು ಹಾಜ್, ಎದೆಯುಬ್ಬಿಸಿ.

“ನಮ್ಮಲ್ಲಿ ಯಾರೂ ಅಂಕಿ ಹಾಕಲ್ಲ ಸ್ವಾಮಿ. ಎಲ್ಲಾ ಅಂಕಿನೂ ಒಂದೇ ಕಡೆ ಬೀಗ ಹಾಕಿಟ್ಟಿದೀವಿ. ಈ ಹುಡುಗನ ಕೆಲಸ ಅದು. ಸೂತ್ರದಲ್ಲಿ ಬರೀ ಅಂಕಿ ಹೊಡೆದ್ರೆ ಬಕ್ಲಾವಾ ತರಬೇಕು, ಗೊತ್ತಾ?”

ಪರಿಶೋಧಕನೂ ನಕ್ಕ. ತೆರಿಗೆಯಲ್ಲಿ ಸಿಕ್ಕಿಬಿದ್ದ ಬೇರೆ ಗಾಣಗಳ ಕತೆ ಹೇಳಿ, ಎಲ್ಲರೂ ಹೀಗೆ ಮಾಡಿದರೆ ನಮ್ಮಂಥವರಿಗೆ ಕೆಲಸವೇ ಇರುವುದಿಲ್ಲ ಎಂದ. ಪರದೆಯ ಮೇಲೆ ಎರಡು ಅಂಕಿಗಳು ಅಕ್ಕಪಕ್ಕ ಬಂದು ಕೂತವು, ಅವಳಿ ಮಕ್ಕಳ ಹಾಗೆ. ತಾಳೆ. ಆ ಗಳಿಗೆಯಲ್ಲಿ ನಜ್ಲಾ ವಜ್ದಿಯ ತೋಳು ತಟ್ಟಿ ಮೆಲ್ಲಗೆ ಏನೋ ಕೇಳಿದಳು.

“ಸೀ ವಜ್ದಿ, ಎಣ್ಣೆ ಬಿಡೋ ಪಂಪಿನ ಹತ್ತಿರಕ್ಕೆ ನಾನೊಂದು ಸಣ್ಣ ಫಾರ್ಮ್ ಮಾಡ್ಕೊಳ್ಲಾ? ನನಗೇ ಬರುತ್ತೆ, ನಿಮಗೆ ತೊಂದರೆ ಕೊಡಲ್ಲ.”

“ಮಾಡ್ಕೊಳ್ಳಿ, ಮಾಡ್ಕೊಳ್ಳಿ,” ಎಂದ ಅವನು, ಪರಿಶೋಧಕನ ಲೇಖನಿಯಿಂದ ಕಣ್ಣು ಕೀಳದೆ. “ಕಟ್ಟಳೆ ನೆನಪಿದೆಯಲ್ಲ?”

“ಬರೀ ಅಂಕಿ ಹೊಡಿಯಲ್ಲ, ಆಣೆಗೂ!”

ಪರಿಶೋಧಕ ಸಹಿ ಹಾಕಿದ. ವಜ್ದಿ ಕಚೇರಿಯ ಮೆಟ್ಟಿಲಿಳಿದ. ಗೆದ್ದಿದ್ದ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಪಾಲಿನ ದಿನಕ್ಕೆ ಅವನು ಎಂದಿನಂತೆ ಊರಲ್ಲಿರಲಿಲ್ಲ. ಈ ಸಲ ನೆವ ಹುಡುಕುವ ಕಷ್ಟವೂ ಇರಲಿಲ್ಲ. ಚೀಟಿಗಳ ಮಾದರಿ ನೋಡಲು ತೂನಿಸ್‌ನ ಮುದ್ರಣಾಲಯಕ್ಕೆ ಹೋಗಬೇಕಿತ್ತು. ಕೆನೆಬಣ್ಣದ ಕಾಗದ, ಕಡುಹಸಿರು ಅಕ್ಷರ. ಮುದ್ರಕ ಅದನ್ನು ಮೇಜಿನ ಮೇಲೆ ಬಿಚ್ಚಿದಾಗ ವಜ್ದಿ ಅಪ್ಪನ ಹೆಸರಿನ ಮೇಲೆ ಬೆರಳಾಡಿಸಿದ. “ನಿಮ್ಮ ತಂದೆಯಾ?” ಎಂದು ಮುದ್ರಕ ಕೇಳಿದ. “ಹೌದು. ಎಣ್ಣೆ ವಿಷಯದಲ್ಲಿ ಅವರಂಥೋರು ಇನ್ನೊಬ್ಬರಿರಲಿಲ್ಲ,” ಎಂದ ವಜ್ದಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ.

ಮರುದಿನ ಬೆಳಗ್ಗೆ ಬಸ್ಸಿಳಿದವನು ಮನೆಗೂ ಹೋಗದೆ ಗಾಣಕ್ಕೆ ಬಂದ. ನಾಲ್ಕನೆಯ ತೊಟ್ಟಿಯಲ್ಲಿ ತಳ ಕಾಣುವಷ್ಟೇ ಎಣ್ಣೆ ಉಳಿದಿತ್ತು; ಸಂಜೆಯೊಳಗೆ ಅದೂ ಬಾಟಲಿಗೆ ಹೋಗುತ್ತದೆ. ಸಂಜೆ ಅಂಕಿಯನ್ನು ಮೊದಲಿನಂತೆ ಮಾಡುವುದು, ಅಲ್ಲಿಗೆ ಮುಗಿಯಿತು. ಹಾಜ್ ಅವನನ್ನು ಕರೆದು ಟೀ ತರಿಸಿದ, ಸುಗ್ಗಿ ಚೆನ್ನಾಗಾಯಿತೆಂದು ಖುಷಿಯಲ್ಲಿದ್ದ. ಇನ್ನೇನು ಲೋಟ ತುಟಿಗೆ ಬರಬೇಕು, ಅಂಗಳದಲ್ಲಿ ಗದ್ದಲವೆದ್ದಿತು. ಆ ದನಿ ಯಾರದೆಂದು ತಿಳಿಯಲು ವಜ್ದಿ ಕಿಟಕಿಗೆ ಹೋಗಬೇಕಿರಲಿಲ್ಲ.

“ಹಾಜ್ ಮುನ್ಸಿಫ್! ಬಾ ಕೆಳಗೆ! ಗಂಡನ್ನ ಕಳ್ಳ ಅಂದೆ, ಸುಮ್ನಿದ್ದೆ. ಈಗ ನನ್ನ ಹೂಜಿಗೇ ಕೈ ಹಾಕ್ತೀಯಾ?”

ಅಮ್ಮ ಅಂಗಳದ ನಡುವೆ ನಿಂತಿದ್ದಳು, ಬಿಳಿ ಸಫ್ಸಾರಿ ಹೆಗಲಿಂದ ಜಾರಿತ್ತು. ಪಕ್ಕದಲ್ಲಿ ಕೈಗಾಡಿ, ಅದರ ಮೇಲೆ ಹೂಜಿ. ಕೂಲಿಗಳು ಮೂಟೆ ಇಳಿಸಿ ಸುತ್ತ ಸೇರಿದ್ದರು. ಕೆಳಗೆ ಇಳಿದು ಬಂದ ಮಗನನ್ನು ಕಂಡದ್ದೇ ಅವಳಿಗೆ ಇನ್ನಷ್ಟು ಬಲ ಬಂತು. ಹೂಜಿಯ ಕೊರಳಿಗೆ ಕಟ್ಟಿದ ಕೆಂಪು ದಾರವನ್ನು ತೋರಿಸಿದಳು. ಎಣ್ಣೆ ದಾರವನ್ನು ಮುಟ್ಟಿರಲಿಲ್ಲ. ಕೊರಳು ಪೂರ್ತಿ ಖಾಲಿ. ಎಣ್ಣೆ ಕೆಳಗೆ ಹೂಜಿಯ ಹೆಗಲಲ್ಲಿ ನಿಂತಿತ್ತು.

“ಐವತ್ತು ಕಿಲೋ ಅಂದ್ರೆ ಇಲ್ಲೀವರೆಗೆ ಬರುತ್ತೆ, ಇಲ್ಲಿಗೆ ಬರದಿದ್ರೆ ಹೋಗಿ ಕೇಳು ಅಂತ ಶಾದ್ಲಿ ಹೇಳಿದ್ದ. ಯಾವ ವರ್ಷವೂ ಕೇಳೋ ಹಾಗೆ ಆಗಿರ್ಲಿಲ್ಲ. ಮಿಕ್ಕೋರಿಗೆ ತಗಡಿನ ಡಬ್ಬ, ಅವರಿಗೇನು ಕಾಣುತ್ತೆ?”

ಹಾಜ್ ಮೆಟ್ಟಿಲಿಳಿದು ಬಂದು ಹೂಜಿಯ ಮುಂದೆ ಬಗ್ಗಿದ. ಆ ದಾರವನ್ನು ಬೆರಳಿಂದ ಮುಟ್ಟಿ ನೋಡಿದ.

“ಚಳಿ ಮನ್ನೂಬಿಯಾ. ಚಳಿಗೆ ಎಣ್ಣೆ ಕುಗ್ಗುತ್ತೆ,” ಎಂದ ಮೆಲ್ಲಗೆ. “ಅದು ನನಗೆ ತಡವಾಗಿ ಗೊತ್ತಾಯ್ತು. ಗೊತ್ತಾದ ದಿನದಿಂದ ನಿಮ್ಮಿಬ್ಬರ ಮುಖ ನೋಡಿ ಆ ಮಾತೆತ್ತೋ ಧೈರ್ಯ ಬಂದಿಲ್ಲ.”

ವಜ್ದಿ ಹಾಜ್‌ನ ಮುಖ ನೋಡಿದ. ಇವನು ಮರೆತಿರಲಿಲ್ಲ! ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದ. ತನ್ನನ್ನು ಕೆಲಸಕ್ಕೆ ಕರೆದದ್ದು, ಬೀಗದ ಕೈಯನ್ನೇ ಕೊಟ್ಟದ್ದು, ಎಲ್ಲ ಅದಕ್ಕೇ.

ಅಮ್ಮ ಮಾತ್ರ ಕರಗಲಿಲ್ಲ. “ಈ ದಾರ ಕಟ್ಟಿದ್ದೂ ಜನವರೀಲೇ, ಇದೇ ಅಂಗಳದಲ್ಲೇ, ಇಂಥದ್ದೇ ಚಳೀಲೇ. ಚಳಿ ಮೇಲೆ ಹಾಕ್ಬೇಡ.”

“ಸರಿ,” ಎಂದ ಹಾಜ್. “ಅವತ್ತು ನಾನು ತೂಗಲಿಲ್ಲ. ಇವತ್ತು ತೂಗೋಣ.”

ಇಬ್ಬರು ಕೂಲಿಗಳು ಹೂಜಿಯನ್ನು ದೊಡ್ಡ ತಕ್ಕಡಿಗೆ ಏರಿಸಿದರು. ಅದರ ಖಾಲಿ ತೂಕವನ್ನು ಅಪ್ಪ ಬೆತ್ತದ ಮೇಲೆ ಬಣ್ಣದಲ್ಲಿ ಬರೆದಿಟ್ಟಿದ್ದ. ಹಾಜ್ ಕಳೆದು ನೋಡಿದ. ಒಂದು ಕಿಲೋ ಕಡಿಮೆ. ಒಂದು ಕಿಲೋ ತಾನೇ, ತುಂಬಿಕೊಟ್ಟು ಕಳಿಸುತ್ತಾರೆ ಎಂದು ವಜ್ದಿ ತನಗೆ ತಾನೇ ಹೇಳಿಕೊಂಡ. ತಕ್ಕಡಿಯಲ್ಲಿ ತೂಗುವವನು ಅವಸರ ಮಾಡಿರಬೇಕು, ಅಷ್ಟೆ. ಇದಕ್ಕೂ ತನ್ನ ಅಂಕಿಗೂ ಏನೂ ಸಂಬಂಧವಿಲ್ಲ.

“ನನ್ನ ತಪ್ಪಲ್ಲ ಹಾಜ್, ಆಣೆಗೂ ಬರೀ ಅಂಕಿ ಹೊಡೆದಿಲ್ಲ!” ನಜ್ಲಾ ಅಳುವ ದನಿಯಲ್ಲಿ ಮುಂದೆ ಬಂದಳು. “ತಕ್ಕಡಿ ಹತ್ತಿರ ಪ್ರತಿ ವರ್ಷ ನೂಕುನುಗ್ಗಲು ಅಂತ ಈ ಸಲ ಪಾಲನ್ನ ಪಂಪಿನಲ್ಲೇ ಅಳೆದು ಕೊಟ್ಟೆ. ಐವತ್ತು ಕಿಲೋಗೆ ಎಷ್ಟು ಲೀಟರ್ ಅಂತ ನನ್ನ ಫಾರ್ಮೇ ಲೆಕ್ಕ ಹಾಕುತ್ತೆ. ಸೀ ವಜ್ದಿ ಹೇಳಿಕೊಟ್ಟ ಹಾಗೇ, ‘ಲೀಟರಿನ ತೂಕ’ದಿಂದ ತಗೊಂಡು. ನೋಡಿ ಬೇಕಾದ್ರೆ, ಒಂಬೈನೂರ ಮೂವತ್ನಾಲ್ಕು.” ಒಂಬೈನೂರ ಹದಿನಾರು ಇರಬೇಕಾದ ಕಡೆ ಬಂದ ಆ ಅಂಕಿಯನ್ನು ಹಾಜ್ ತುಟಿಯಲ್ಲೇ ಒಮ್ಮೆ ಹೇಳಿಕೊಂಡ; ಲೀಟರ್ ಭಾರವಾದರೆ ಐವತ್ತು ಕಿಲೋಗೆ ಕಡಿಮೆ ಲೀಟರ್. ಆಮೇಲೆ ನಾಲ್ಕನೆಯ ತೊಟ್ಟಿಯ ಕಡೆಗೆ ನೋಡಿದ. ಅವರು ಏನು ಮಾತಾಡುತ್ತಿದ್ದಾರೆಂದು ಅಮ್ಮನಿಗೆ ತಿಳಿಯಲಿಲ್ಲ, ಅಂಕಿಯ ವಿಷಯ ಎಂಬುದಷ್ಟು ತಿಳಿಯಿತು. ಅವಳು ಮಗನ ತೋಳು ಹಿಡಿದು ಎಲ್ಲರ ಮುಂದೆ ಎಳೆದು ನಿಲ್ಲಿಸಿದಳು. “ಅಂಕಿ ವಿಷಯ ಆದ್ರೆ ನನ್ನ ಮಗನ್ನ ಕೇಳಿ. ಈ ಗಾಣದ ಅಂಕಿ ಮುಟ್ಟೋ ಹಕ್ಕು ಇರೋದು ಇವನೊಬ್ಬನಿಗೇ.”